ಕೋವಿಯ ಕುದುರೆ ಓರೆಯಾದಾಗ

ಕೈಲಾಂಚದ ಹೊರಗೆ, ಮಾವಿನ ತೋಪು ಮುಗಿದು ರಾಗಿಹೊಲ ಶುರುವಾಗುವಲ್ಲಿ ಒಂದು ಹೆಂಚಿನ ಮನೆ. ಜಗುಲಿಯ ಮೇಲೆ ಗೋಣಿತಾಟು ಹಾಸಿ ಅದರ ಮೇಲೆ ಒಂಟಿ ನಳಿಗೆಯ ಕೇಪಿನ ಕೋವಿಯೊಂದನ್ನು ಮಲಗಿಸಿದ್ದಾರೆ. ಕೋವಿಯ ಲೈಸೆನ್ಸು ಹುಡುಗನ ಹೆಸರಿನಲ್ಲಿದೆ, ತಂದೆಯ ನಂತರ ಅವನಿಗೆ ಬಂದದ್ದು. ಅವನ ದೊಡ್ಡಪ್ಪ ಬೆಂಗಳೂರಿನಲ್ಲಿ ಕೋವಿ ರಿಪೇರಿಯ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಬೆಂಚಿನ ಮುಂದೆ ಕೂತು ಈಗ ಊರಿಗೆ ಮರಳಿದವರು. ಬೆಳಗಿನ ಬಿಸಿಲು ಜಗುಲಿಗೆ ಬರುವ ಹೊತ್ತು. ಅಲ್ಲಿ ನಡೆದ ಮಾತು ಇದು.

ಹುಡುಗ: ರಾತ್ರಿ ಮೂರು ಸಲ ಕುದುರೆ ಬಿತ್ತು ದೊಡ್ಡಪ್ಪ, ಒಂದು ಸಲಾನೂ ಕೇಪು ಹೊತ್ತಲಿಲ್ಲ. ಹಂದಿ ಹಿಂಡು ಅಟ್ಟಣೆ ಕೆಳಗೇ ರಾಗಿ ತುಳೀತಾ ಇತ್ತು. ನಾಲ್ಕನೇ ಸಲ ಹೊತ್ತಿತು, ಆದ್ರೆ ಕೇಪಿನ ಚೂರು ಹಾರಿ ಇಲ್ಲಿ, ಕೆನ್ನೆಗೆ ಬಂದು ತಗುಲ್ತು. ನೋಡಿ, ಕುದುರೆ ನಳಿಗೆ ಕಡೆಗೆ ವಾಲ್ಕೊಂಡೈತೆ. ಸುತ್ತಿಗೇಲಿ ಒಂದು ಪೆಟ್ಟು ಕೊಟ್ಟು ನೆಟ್ಟಗೆ ಮಾಡಿಕೊಡಿ.

ದೊಡ್ಡಪ್ಪ: ಸುತ್ತಿಗೆ ಆಮೇಲೆ. ಮೊದಲು ಮದ್ದು ತುಂಬೋ ಗಜ ಕೊಡು.

ಹುಡುಗ: ಈಡು ಹಾರಿದೆಯಲ್ಲ, ಖಾಲಿ ಐತೆ.

ದೊಡ್ಡಪ್ಪ: ಹಾರಿದೆ ಅಂತ ನೀನು ಹೇಳ್ತೀಯ. ಗಜ ಏನು ಹೇಳ್ತದೋ ಕೇಳಬೇಕು. ನಿಪ್ಪಲ್ ಮೇಲೆ ಕೇಪು ಇಲ್ಲ, ಸರಿ. ಈಗ ಗಜವನ್ನ ನಳಿಗೆ ಒಳಕ್ಕೆ ತಳದ ತನಕ ಬಿಡು. ಬಾಯಿ ಹತ್ತಿರ ಗಜದ ಮೇಲೆ ಬಳಪದಲ್ಲಿ ಗೀಟು ಹಾಕು. ಹೊರಗೆ ತೆಗೆದು ನಳಿಗೆ ಪಕ್ಕದಲ್ಲೇ ಹಿಡಿ. ತುದಿ ನಿಪ್ಪಲ್ ಇರೋ ಜಾಗದ ತನಕ ಬಂತಾ?

ಹುಡುಗ: ಬಂತು.

ದೊಡ್ಡಪ್ಪ: ಹಾಗಾದ್ರೆ ಖಾಲಿ. ನಾಲ್ಕು ಬೆರಳು ಮೇಲೇ ನಿಂತಿದ್ರೆ ಒಳಗೆ ಮದ್ದೋ, ಅದರ ಮೇಲೆ ತುರುಕೋ ಕತ್ತವೋ ಏನೋ ಉಳಿದೈತೆ ಅಂತ ಅರ್ಥ. ನಮ್ಮ ಬೆಂಚಿಗೆ 'ಖಾಲಿ ಐತೆ ಸಾರ್' ಅಂತ ಬಂದ ಕೋವಿಗಳಲ್ಲಿ ತುಂಬಿದ್ದವೂ ಇದ್ದವು. ಯಾರೂ ಸುಳ್ಳು ಹೇಳಿರಲಿಲ್ಲ, ಮರೆತಿದ್ರು ಅಷ್ಟೆ. ತೋಟಾ ಕೋವಿ ಆದ್ರೆ ಮುರಿದು ನೋಡಬಹುದು. ಬಾಯಿಂದ ತುಂಬೋ ಕೋವಿಯ ಹೊಟ್ಟೆ ಹೊರಗಿಂದ ಕಾಣೋದಿಲ್ಲ. ಇನ್ನೊಂದು ಮಾತು. ಕೇಪು ಹೊತ್ತದೆ ಇದ್ದಾಗ ಎಷ್ಟು ಹೊತ್ತು ಕಾದೆ?

ಹುಡುಗ: ಕಾಯೋದಾ? ತಕ್ಷಣ ಕುದುರೆ ಎತ್ತಿ ಬೇರೆ ಕೇಪು ಹಾಕಿದೆ. ಹಂದಿ ನಿಲ್ತದಾ?

ದೊಡ್ಡಪ್ಪ: ಹಂದಿ ಹೋದ್ರೆ ಹೋಗ್ಲಿ. ಕೇಪಿನ ಕಿಡಿ ಕೆಲವು ಸಲ ಒಳಗೆ ಮಿಣುಕ್ತಾ ಇದ್ದು ತಡವಾಗಿ ಮದ್ದಿಗೆ ತಗುಲ್ತದೆ. ಕುದುರೆ ಬಿದ್ದೂ ಈಡು ಹಾರದಿದ್ರೆ ಬಾಯಿಯನ್ನ ಜನ, ದನ, ಮನೆ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ನಿಲ್ಲಬೇಕು. ಆಮೇಲೇ ಕುದುರೆಗೆ ಕೈ. ಇದನ್ನ ನಿಮ್ಮಪ್ಪನಿಗೂ ಹೇಳಿದ್ದೆ, ನಿನಗೂ ಹೇಳ್ತಿದೀನಿ.

ಹುಡುಗ: ಆಯ್ತು. ಆದ್ರೆ ಕುದುರೆ ಓರೆ ಆಗಿರೋದು ಕಣ್ಣಿಗೇ ಕಾಣ್ತಾ ಐತಲ್ಲ?

ದೊಡ್ಡಪ್ಪ: ಓರೆ ಕಾಣೋದು ಕುದುರೇಲಿ. ಓರೆ ಹುಟ್ಟಿದ್ದು ಎಲ್ಲಿ ಅಂತ ಇನ್ನೂ ಗೊತ್ತಿಲ್ಲ. ಕಂಡ ಕಡೆ ಬಗ್ಗಿಸಿದ್ರೆ ಒಂದು ಡೊಂಕು ಹೋಗಿ ಎರಡಾಗ್ತದೆ. ಮೂವತ್ತು ವರ್ಷದಲ್ಲಿ ನಾನು ನೋಡಿದ ಓರೆ ಕುದುರೆಗಳಲ್ಲಿ ನಿಜವಾಗಿ ಬಗ್ಗಿದ್ದವು ಕಡಿಮೆ. ಉಳಿದವಲ್ಲಿ ಕುದುರೆ ನೆಟ್ಟಗೇ ಇತ್ತು, ಅದು ನಿಂತ ನೆಲ ವಾಲಿತ್ತು.

ಹುಡುಗ: ಕುದುರೆ ಅಂದ್ರೆ ನೀವು ಈ ಮೇಲಿನ ಸುತ್ತಿಗೇನೇ ಅಂತೀರಿ. ನಮ್ಮ ಹುಡುಗರು ಬೆರಳಲ್ಲಿ ಎಳೆಯೋ ಟ್ರಿಗರಿಗೆ ಕುದುರೆ ಅಂತಾರೆ.

ದೊಡ್ಡಪ್ಪ: ಈಗ ಹಾಗೇ ಬಳಕೆ ಆಗಿಬಿಟ್ಟೈತೆ. ಪೇಪರಿನಲ್ಲೂ ಕುದುರೆ ಎಳೆದ ಅಂತಲೇ ಬರೀತಾರೆ. ಹಳಬರು ಕುದುರೆ ಅಂತಿದ್ದದ್ದು ಮೇಲೆ ಕತ್ತು ಬಾಗಿಸಿ ನಿಂತಿರೋ ಇದಕ್ಕೆ. ನೋಡು, ಕತ್ತು, ಮೂಗು, ಹಿಂದೆ ಹೆಬ್ಬೆರಳಿಗೆ ಸಿಗೋ ಬಾಲ, ಎಲ್ಲಾ ಐತಲ್ಲ. ತಮಿಳಿನೋರೂ ಕುದಿರೈ ಅಂತಾರೆ, ತೆಲುಗಿನೋರೂ ಗುರ್ರಂ ಅಂತಾರೆ. ನಾವು ಇವತ್ತು ಮೇಲಿಂದಕ್ಕೆ ಕುದುರೆ, ಕೆಳಗಿಂದಕ್ಕೆ ಟ್ರಿಗರ್ ಅನ್ನೋಣ. ರಿಪೇರಿ ಮಾತಾಡುವಾಗ ಹೆಸರು ಕಲಸಿಹೋದ್ರೆ ಕೆಲಸವೂ ಕಲಸಿಹೋಗ್ತದೆ.

ಹುಡುಗ: ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಅಂತ ಐತೆ. ಊರಲ್ಲಿ ಕೆಲವರು ಇದನ್ನ ರೈಫಲ್ ಅಂತಾರೆ.

ದೊಡ್ಡಪ್ಪ: ಎಸ್‌ಬಿಎಂಎಲ್ ಅಂದ್ರೆ ಒಂಟಿ ನಳಿಗೆ, ಬಾಯಿಂದ ತುಂಬೋದು. ರೈಫಲ್ ಅನ್ನಬೇಕಾದ್ರೆ ನಳಿಗೆ ಒಳಗೆ ಸುರುಳಿ ಸುರುಳಿಯಾಗಿ ಗೀರು ಇರಬೇಕು, ಗುಂಡು ಬುಗುರಿ ಹಾಗೆ ತಿರುಗ್ತಾ ಹೋಗೋದಕ್ಕೆ. ಇದರದ್ದು ನುಣುಪು ನಳಿಗೆ. ಬಾಯಿಂದ ತುಂಬೋ ರೈಫಲ್ಲೂ ಇದ್ದವು. 1857ರ ದಂಗೆಗೆ ಕಿಡಿ ಹಚ್ಚಿದ ಕೊಬ್ಬು ಸವರಿದ ಮದ್ದಿನ ಪೊಟ್ಟಣ ಓದಿದೀಯಲ್ಲ, ಅದು 1853ರ ಎನ್‌ಫೀಲ್ಡ್ ರೈಫಲ್ಲಿಂದು. ಅದೂ ಬಾಯಿಂದ ತುಂಬಿ ಕೇಪು ಕೂರಿಸಿ ಹೊಡೆಯೋದೇ. ನಳಿಗೆ ಬೇರೆ ಆದ್ರೂ ಪಕ್ಕದ ಈ ಲಾಕು, ಕುದುರೆ, ನಿಪ್ಪಲ್ ಎಲ್ಲಾ ಒಂದೇ ಜಾತಿ. ಅದರ ಕುದುರೆ ಓರೆ ಆದ್ರೂ ನೋಡೋ ದಾರಿ ಇದೇ.

ಹುಡುಗ: ಕುದುರೆ ಒಂದು ಕೂದಲೆಳೆ ಆಚೀಚೆ ಬಿದ್ರೆ ಏನಾಗ್ತದೆ? ಪೆಟ್ಟು ಅಂತೂ ಬೀಳ್ತದಲ್ಲ?

ದೊಡ್ಡಪ್ಪ: ಪೆಟ್ಟು ಬಿದ್ರೆ ಸಾಲದು ಕಣಪ್ಪ. ಕೇಪು ಅಂದ್ರೆ ತಾಮ್ರದ ಪುಟ್ಟ ಟೋಪಿ, ಅದರ ತಲೆಯೊಳಗೆ ಒಂದು ಪದರ ಮಸಾಲೆ. ಅದಕ್ಕೆ ಬೇಕಾದ್ದು ಜಜ್ಜು. ಕೆಳಗೆ ನಿಪ್ಪಲ್ಲಿನ ಚಪ್ಪಟೆ ತುದಿ, ಮೇಲೆ ಕುದುರೆ ಮೂಗಿನ ಬಟ್ಟಲು. ಎರಡೂ ಸಮವಾಗಿ ಕೂಡಿ ನಡುವೆ ಮಸಾಲೆ ಪೂರ್ತಿ ಜಜ್ಜಬೇಕು. ಆಗ ಬೆಂಕಿ ನಿಪ್ಪಲ್ಲಿನ ತೂತಿನಲ್ಲಿ ನೇರ ಇಳಿದು ಮದ್ದಿಗೆ ಹೋಗ್ತದೆ. ಮೂಗು ಓರೆ ಬಿದ್ರೆ ಕೇಪಿನ ಒಂದಂಚು ಮಾತ್ರ ನಲುಗ್ತದೆ. ಅರ್ಧ ಮಸಾಲೆ ಹೊತ್ತದೆ ಉಳೀತದೆ, ಇಲ್ಲಾ ಹೊತ್ತಿದ ಬೆಂಕಿ ಪಕ್ಕಕ್ಕೆ ಚಿಮ್ತದೆ. ಮೂಗನ್ನ ಬಟ್ಟಲಿನ ಹಾಗೆ ಕೊರೆದಿರೋದು ಯಾಕೆ? ಸಿಡಿದ ತಾಮ್ರದ ಚೂರು ಅದರ ಅಂಚಿನೊಳಗೇ ನಿಲ್ಲಲಿ ಅಂತ. ಓರೆ ಬಿದ್ದಾಗ ಒಂದು ಕಡೆ ಆ ತಡೆಗೋಡೆ ಇರೋದಿಲ್ಲ. ನಿನ್ನ ಕೆನ್ನೆಗೆ ಬಂದದ್ದು ಆ ಕಡೆಯಿಂದ. ಎರಡಂಗುಲ ಮೇಲೆ ಬಂದಿದ್ರೆ ಕಣ್ಣು.

ಹುಡುಗ: ಹೊತ್ತದೆ ಹೋಗೋದನ್ನೇ ನಾನು ದೊಡ್ಡ ತೊಂದರೆ ಅಂದುಕೊಂಡಿದ್ದೆ.

ದೊಡ್ಡಪ್ಪ: ಹೊತ್ತಿದ್ದೇ ದೊಡ್ಡ ತೊಂದರೆ. ಅದಕ್ಕೇ ಇದು ಸರಿ ಆಗೋ ತನಕ ಕೋವಿಗೆ ಕೇಪು ತೋರಿಸಬೇಡ.

ಹುಡುಗ: ಹಿಂದಿನ ಕಾಲದಲ್ಲೂ ಈ ಕಾಟ ಇತ್ತಾ? ರಾಮದೇವರ ಬೆಟ್ಟದ ಕೋಟೇಲಿ, ಸಾವನದುರ್ಗದಲ್ಲಿ ಹೊಡೆದಾಡಿದೋರ ಕೋವೀಲಿ?

ದೊಡ್ಡಪ್ಪ: ಆಗ ಕೇಪೇ ಇರಲಿಲ್ಲ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಸಾವನದುರ್ಗ ಕಿತ್ಕೊಳ್ತು. ಅದರ ಬೆನ್ನಿಗೇ ನಮ್ಮ ರಾಮಗಿರಿ, ಅಂದ್ರೆ ಈ ರಾಮದೇವರ ಬೆಟ್ಟದ ಕೋಟೆಯೂ ಹೋಯ್ತು. ಎರಡೂ ಕಡೆಯೋರ ಕೈಲಿ ಇದ್ದದ್ದು ಬತ್ತಿ ಕೋವಿ, ಚಕಮಕಿ ಕೋವಿ. ಚಕಮಕಿ ಕೋವಿಯ ಕುದುರೆ ಬಾಯಲ್ಲಿ ಕಲ್ಲು ಕಚ್ಚಿಕೊಂಡಿರ್ತದೆ, ಅದು ಉಕ್ಕಿನ ತಗಡನ್ನ ಉಜ್ಜಿ ಕಿಡಿ ಬೀಳಿಸ್ತದೆ. ಅಲ್ಲೂ ಓರೆ ಆದ್ರೆ ಕಿಡಿ ಬೇರೆ ಕಡೆ ಬೀಳ್ತಿತ್ತು, ಆದ್ರೆ ಕಲ್ಲನ್ನ ಸಡಿಲಿಸಿ ತಿರುಗಿಸಿ ಕೂರಿಸಿದ್ರೆ ಆಗ್ತಿತ್ತು. ಕೇಪಿನ ಬುಡಕ್ಕೆ ಹೋದ್ರೆ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ ಸಿಗ್ತಾನೆ, ಅಲೆಕ್ಸಾಂಡರ್ ಫೋರ್ಸಿತ್ ಅಂತ. ಹಕ್ಕಿ ಹೊಡೆಯೋ ಆಸೆಯೋನು. ಚಕಮಕಿ ಮಿಂಚಿದ್ದನ್ನ ನೋಡಿ ಈಡು ಬರೋದರೊಳಗೆ ಹಕ್ಕಿ ಹಾರಿಹೋಗ್ತಿದ್ದವು. ಪೆಟ್ಟಿಗೇ ಹೊತ್ತೋ ಮಸಾಲೆಯನ್ನ ಕೋವಿಗೆ ಹೊಂದಿಸಿ 1807ರಲ್ಲಿ ಪೇಟೆಂಟ್ ತಗೊಂಡ. ತಾಮ್ರದ ಟೋಪಿ ಅದಾದ ಮೇಲೆ ಬಂತು. ಮಿಂಚೂ ಹೋಯ್ತು, ಮಳೆಯ ಭಯವೂ ಹೋಯ್ತು. ಆದ್ರೆ ಕುದುರೆ ಮೂಗು ಬೀಳಬೇಕಾದ ಜಾಗ ಒಂದು ರಾಗಿ ಕಾಳಿನಷ್ಟಾಯ್ತು.

ಹುಡುಗ: ಸರಿ, ನಮ್ಮದನ್ನ ನೋಡೋಣ. ಎಲ್ಲಿಂದ ಶುರು?

ದೊಡ್ಡಪ್ಪ: ಕುದುರೆ ಬಟ್ಟಲು ಒರೆಸು. ಸುಟ್ಟ ಮಸಿ, ತಾಮ್ರದ ಸಿಪ್ಪೆ ಒಳಗೆ ಕಚ್ಚಿಕೊಂಡಿದ್ರೆ ಅದೇ ಮೂಗನ್ನ ಒಂದು ಕಡೆ ಎತ್ತಿಬಿಡ್ತದೆ. ಆಯ್ತಾ? ಈಗ ಸೀಮೆಎಣ್ಣೆ ಬುಡ್ಡಿಯ ಹೊಗೆಗೆ ಚಮಚ ಹಿಡಿದು ಮಸಿ ತಾ. ನಿಪ್ಪಲ್ಲಿನ ತುದಿಗೆ ಬೆರಳಲ್ಲಿ ತೆಳ್ಳಗೆ ಸವರು. ಕುದುರೆಯನ್ನ ಹೆಬ್ಬೆರಳಲ್ಲಿ ಹಿಡಿದೇ ಇಳಿಸು, ಬಿಡಬೇಡ. ಬರೀ ನಿಪ್ಪಲ್ ಮೇಲೆ ಕುದುರೆಯನ್ನ ಪಟ್ ಅಂತ ಬಿಟ್ಟರೆ ಎರಡರ ಮುಖವೂ ಕೆಡ್ತದೆ. ಈಗ ಎತ್ತಿ ಬಟ್ಟಲಲ್ಲಿ ನೋಡು, ಮಸಿ ಎಲ್ಲಿ ಅಂಟೈತೆ?

ಹುಡುಗ: ಹೊರಗಡೆ ಅಂಚಿಗೆ. ನಳಿಗೆಯಿಂದ ಆಚೆ ಬದಿಗೆ, ಅರ್ಧ ಚಂದ್ರನ ಹಾಗೆ.

ದೊಡ್ಡಪ್ಪ: ಗುರುತು ಹೊರಗೆ ಅಂದ್ರೆ ಕುದುರೆ ಒಳಗೆ ವಾಲೈತೆ. ಗುರುತು ಬಟ್ಟಲಿನ ನಡುವೆ ದುಂಡಗೆ ಬಂದಿದ್ರೆ ಕುದುರೆ ಸರಿ ಐತೆ ಅಂತ ನಿಪ್ಪಲ್ಲಿನ ಎತ್ತರ, ಸ್ಪ್ರಿಂಗಿನ ಜೋರು ನೋಡಬೇಕಿತ್ತು. ಮುಂದೆ ಹಿಂದೆ ಬಂದಿದ್ರೆ ನಳಿಗೆ ಮರದಲ್ಲಿ ಜರುಗಿದೆಯಾ ನೋಡಬೇಕಿತ್ತು. ಮರಕ್ಕೆ ನಳಿಗೆ ಹಿಡಿಯೋ ಪಟ್ಟಿ ಸಡಿಲ ಆದ್ರೆ ಪ್ರತಿ ಈಡಿಗೂ ನಳಿಗೆ ಕೂದಲೆಳೆ ಹಿಂದಕ್ಕೆ ಬರ್ತದೆ, ನಿಪ್ಪಲ್ಲೂ ಅದರ ಜೊತೆ ಬರ್ತದೆ. ಈಗ ಕುದುರೆಯನ್ನ ಎರಡು ಬೆರಳಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸು.

ಹುಡುಗ: ಅಲ್ಲಾಡೋದಿಲ್ಲ, ಗಟ್ಟಿ ಐತೆ.

ದೊಡ್ಡಪ್ಪ: ಒಳ್ಳೇದಾಯ್ತು. ಕುದುರೆ ಬುಡದಲ್ಲಿ ಚೌಕದ ತೂತು ಇರ್ತದೆ, ಅದು ಲಾಕಿನೊಳಗಿನ ಅಚ್ಚಿನ ಚೌಕದ ಕೊನೆಗೆ ಬಿಗಿಯಾಗಿ ಕೂತು, ಮೇಲೆ ಒಂದು ತಿರುಪು. ಆ ಚೌಕ ಸವೆದ್ರೆ ಕುದುರೆ ಮುಪ್ಪಿನ ಹಲ್ಲಿನ ಹಾಗೆ ಅಲ್ಲಾಡ್ತದೆ. ತಿರುಪು ಬಿಗಿದ್ರೆ ಹೋಗೋ ಅಲ್ಲಾಟ ಆದ್ರೆ ಬಿಗಿದರಾಯ್ತು. ಹೋಗದಿದ್ರೆ ತೂತಿನ ಅಂಚನ್ನ ತಟ್ಟಿ ಕಿರಿದು ಮಾಡಬೇಕು, ಇಲ್ಲಾ ಅಚ್ಚೇ ಹೊಸದು ಬೇಕು. ನಿಂದು ಆ ಕೇಸಲ್ಲ. ಈಗ ಎಡಗಡೆ ನೋಡು. ಮರ ತೂರಿ ಬಂದು ಬಲಗಡೆಯ ಲಾಕಿನ ತಗಡನ್ನ ಹಿಡಿದಿರೋ ತಿರುಪು ಐತಲ್ಲ, ಅದರ ತಲೆ ಹಸಿ ಹಸಿ ಮಿನುಗ್ತಾ ಐತೆ. ಯಾರು ಬಿಗಿದಿದ್ದು?

ಹುಡುಗ: ನಾನೇ. ಸಡಿಲ ಅನ್ನಿಸ್ತು. ಬೈಕಿನ ಸ್ಕ್ರೂಡ್ರೈವರಲ್ಲಿ ಬಿಗಿದೆ.

ದೊಡ್ಡಪ್ಪ: ಎಷ್ಟು?

ಹುಡುಗ: ತಿರುಗೋ ತನಕ.

ದೊಡ್ಡಪ್ಪ: ಹೂಂ. ಅರ್ಧ ಸುತ್ತು ಬಿಚ್ಚು. ಮತ್ತೆ ಮಸಿ ಸವರಿ ಇಳಿಸು.

ಹುಡುಗ: ಅರೆ! ಗುರುತು ಒಳಗಡೆಗೆ ಬಂತು ದೊಡ್ಡಪ್ಪ. ನಡುವಿಗೆ ಬಂದಿಲ್ಲ, ಆದ್ರೆ ಅಂಚು ಬಿಟ್ಟು ಬಂದೈತೆ.

ದೊಡ್ಡಪ್ಪ: ಈಗ ಹೇಳು. ಕುದುರೆ ಬಗ್ಗಿದ್ರೆ ಮರದ ತಿರುಪು ಬಿಚ್ಚಿದಾಗ ಅದು ಎದ್ದು ನಿಲ್ತಿತ್ತಾ?

ಹುಡುಗ: ಇಲ್ಲ. ಹಾಗಾದ್ರೆ ವಾಲಿರೋದು ಲಾಕಿನ ತಗಡು.

ದೊಡ್ಡಪ್ಪ: ತಗಡು ವಾಲೈತೆ, ಅದರ ಜೊತೆ ಕುದುರೆ. ತಗಡಿನ ಎತ್ತರ ಒಂದಂಗುಲ ಇದ್ರೆ ಕುದುರೆ ಮೂಗು ತಗಡಿನ ಕೆಳಗಂಚಿನಿಂದ ಎರಡಂಗುಲ ಮೇಲಿರ್ತದೆ. ತಗಡಿನ ಮೇಲಂಚು ಅರ್ಧ ಮಿಲಿಮೀಟರ್ ಒಳಕ್ಕೆ ಹೋದ್ರೆ ಮೂಗಿನ ಹತ್ತಿರ ಅದು ಒಂದು ಮಿಲಿಮೀಟರ್ ಆಗ್ತದೆ. ತೆಂಗಿನಮರದ ಬುಡ ಗೇಣು ವಾಲಿದ್ರೆ ಸುಳಿ ಎಲ್ಲಿಗೆ ಹೋಗ್ತದೆ ನೋಡಿಲ್ವಾ? ಲಾಕು ಬಿಚ್ಚು, ಮರ ನೋಡೋಣ. ಕುದುರೆ ಅರ್ಧ ಎತ್ತಿ ನಿಲ್ಲಿಸು. ತಿರುಪು ನಾಲ್ಕು ಸುತ್ತು ಬಿಚ್ಚಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಿರುಪಿನ ತಲೆಗೇ ಮೆಲ್ಲಗೆ ತಟ್ಟು. ಲಾಕು ತಾನಾಗಿ ಆಚೆ ಬರ್ತದೆ. ತಗಡಿನ ಅಂಚಿಗೆ ಚಾಕು ಹಾಕಿ ಎಬ್ಬಿದ್ರೆ ಮರ ಚಕ್ಕೆ ಏಳ್ತದೆ.

ಹುಡುಗ: ಬಂತು. ಮರ ಮೇಲಂಚಿನಲ್ಲಿ ಕಪ್ಪಗಾಗೈತೆ. ಉಗುರು ಒತ್ತಿದ್ರೆ ಒಳಗೆ ಹೋಗ್ತದೆ. ಕೆಳಗೆ ಗಟ್ಟಿ ಐತೆ.

ದೊಡ್ಡಪ್ಪ: ಮೂಸಿ ನೋಡು.

ಹುಡುಗ: ಎಣ್ಣೆ. ಇಂಜಿನ್ ಆಯಿಲ್ ವಾಸನೆ. ಅದೂ ನಾನೇ ಹಾಕಿದ್ದು. 2024ರ ಲೋಕಸಭೆ ಚುನಾವಣೆ ಅಂತ ಕೋವಿಯನ್ನ ಠಾಣೆಗೆ ಒಪ್ಪಿಸಬೇಕಿತ್ತಲ್ಲ, ತುಕ್ಕು ಹಿಡೀಬಾರದು ಅಂತ ನಳಿಗೆಗೂ ಲಾಕಿಗೂ ಸುರಿದೇ ಕೊಟ್ಟಿದ್ದೆ. ವಾಪಸ್ ಬಂದ ಮೇಲೂ ಹಾಗೇ ಮಾಡ್ತಾ ಬಂದೆ.

ದೊಡ್ಡಪ್ಪ: ಕೋವಿಯನ್ನ ಬಾಯಿ ಮೇಲೆ ಮಾಡಿ ನಿಲ್ಲಿಸ್ತೀಯಾ ಮನೇಲಿ?

ಹುಡುಗ: ಎಲ್ಲರೂ ಹಾಗೇ ನಿಲ್ಲಿಸೋದಲ್ವಾ?

ದೊಡ್ಡಪ್ಪ: ಎಣ್ಣೆ ಕೆಳಕ್ಕೇ ಇಳಿಯೋದು. ನಿಪ್ಪಲ್ಲಿನ ಬುಡದಿಂದ, ಲಾಕಿನ ಸಂದಿಯಿಂದ ಇಳಿದು ಮರಕ್ಕೆ ಸೇರ್ತದೆ. ಸುಟ್ಟ ಮದ್ದಿನ ಮಸಿಯೂ ಅದರ ಜೊತೆ ಹೋಗ್ತದೆ. ವರ್ಷಗಟ್ಟಲೆ ಎಣ್ಣೆ ಕುಡಿದ ಮರ ನೆನೆದ ರೊಟ್ಟಿ ಹಾಗೆ ಮೆತ್ತಗಾಗ್ತದೆ. ಮರ ತಗ್ಗಿತು, ತಿರುಪು ಸಡಿಲ ಅನ್ನಿಸ್ತು, ನೀನು ಬಿಗಿದೆ. ಬಿಗಿದಷ್ಟೂ ಮೆತ್ತನೆ ಮರ ಜಜ್ಜಿ ತಗಡು ಇನ್ನಷ್ಟು ಒಳಕ್ಕೆ ಹೋಯ್ತು. ಅಕ್ಕರೆಯಿಂದ ಮಾಡಿದ ಕೆಲಸವೇ, ಅದಕ್ಕೆ ನಿನ್ನ ಬೈಯೋದಿಲ್ಲ. ಆದ್ರೆ ಇನ್ನು ಮೇಲೆ ಬಟ್ಟೆಗೆ ಎರಡು ತೊಟ್ಟು ಎಣ್ಣೆ ಹಾಕಿ ಕಬ್ಬಿಣ ಒರೆಸು, ಅಷ್ಟು ಸಾಕು. ಮೊದಲು ಬಿಸಿನೀರಲ್ಲಿ ನಳಿಗೆ ತೊಳಿ. ಕರಿಮದ್ದಿನ ಬೂದಿ ಗಾಳಿಯ ತೇವ ಹೀರೋದು, ಅದು ಎಣ್ಣೆಗೆ ಬಿಡೋದಿಲ್ಲ, ನೀರಿಗೆ ಬಿಡ್ತದೆ. ತೊಳೆದು ಪೂರ್ತಿ ಒಣಗಿಸಿ ಆಮೇಲೆ ಎಣ್ಣೆ. ಇಡುವಾಗ ಮಲಗಿಸಿಡು.

ಹುಡುಗ: ಈಗ ಪರೀಕ್ಷೆಗೆ ಏನಾದ್ರೂ ಕೊಡಬಹುದಾ ಸಂದಿಗೆ?

ದೊಡ್ಡಪ್ಪ: ಲಗ್ನಪತ್ರಿಕೆ ರಟ್ಟಿನಲ್ಲಿ ಒಂದು ಸೀಳು ಕತ್ತರಿಸು, ಬೆಂಕಿಕಡ್ಡಿ ಅಗಲ ಸಾಕು. ಮೇಲಂಚಿನ ಮರದ ಮೇಲಿಟ್ಟು ಲಾಕು ಕೂರಿಸಿ ತಿರುಪು ಬಿಗಿ. ಬೆರಳಿನ ಬಲದಷ್ಟೇ ಬಿಗಿ. ಮಸಿ ಸವರು.

ಹುಡುಗ: ಒಂದು ಸೀಳಿಗೆ ಹತ್ತಿರ ಬಂತು. ಇನ್ನೊಂದು ಇಡ್ಲಾ? ...ಬಂತು ದೊಡ್ಡಪ್ಪ! ಉಂಗುರದ ಹಾಗೆ ದುಂಡಗೆ ನಡುವೆ ಬಂತು. ಕುದುರೆ ಎತ್ತೋದೂ ಹಗುರ ಆದ ಹಾಗೈತೆ.

ದೊಡ್ಡಪ್ಪ: ಆಗಲೇಬೇಕು. ತಗಡು ಒಳಕ್ಕೆ ಹೋದಾಗ ಲಾಕಿನ ಅಚ್ಚು ಮರಕ್ಕೆ ಉಜ್ಜುತ್ತಾ ಇತ್ತು. ಪೆಟ್ಟಿನ ಜೋರೂ ಅಲ್ಲೇ ಸೋರಿಹೋಗ್ತಿತ್ತು. ಓರೆ ಒಂದು ಕಡೆ, ಉಜ್ಜಾಟ ಇನ್ನೊಂದು ಕಡೆ, ಮೂರು ಕೇಪು ಹೊತ್ತದೇ ಇದ್ದದ್ದಕ್ಕೆ ಕಾರಣ ಎರಡೂ.

ಹುಡುಗ: ಹಾಗಾದ್ರೆ ರಟ್ಟು ಇಟ್ಟೇ ಹೊಡೆಯೋಣ, ಮುಗೀತಲ್ಲ.

ದೊಡ್ಡಪ್ಪ: ಮುಗೀಲಿಲ್ಲ. ರಟ್ಟು ಕಾಯಿಲೆ ತೋರಿಸ್ತು, ಔಷಧಿ ಅಲ್ಲ. ಎರಡು ಈಡಿಗೆ ಅದೂ ಜಜ್ಜಿಹೋಗ್ತದೆ. ಸರಿಯಾದ ಕೆಲಸ ಅಂದ್ರೆ ಮೆತ್ತನೆ ಮರವನ್ನ ಕೆರೆದು ತೆಗೀಬೇಕು. ಉಳಿದ ಮರಕ್ಕೆ ಸೀಮೆಸುಣ್ಣದ ಪುಡಿ ಹಾಕಿ ಬಿಸಿಲಲ್ಲಿಟ್ಟು ಎಣ್ಣೆ ಹೀರಿಸಬೇಕು, ಹಲವು ಸಲ. ಎಣ್ಣೆ ಮರಕ್ಕೆ ಯಾವ ಅಂಟೂ ಹಿಡಿಯೋದಿಲ್ಲ. ಆಮೇಲೆ ಬೀಟೆಯ ತೆಳ್ಳನೆ ಚಕ್ಕೆ ಅಂಟಿಸಿ, ತಗಡಿಗೆ ಮಸಿ ಬಳಿದು ಕೂರಿಸಿ ತೆಗೆದು, ಮಸಿ ಅಂಟಿದ ಕಡೆ ಮಾತ್ರ ಉಳಿ ಆಡಿಸ್ತಾ ಆಡಿಸ್ತಾ ಮಟ್ಟ ಮಾಡಬೇಕು. ಇದು ಒಂದು ದಿನದ ತಾಳ್ಮೆ ಅಲ್ಲ. ಇನ್ನು ನಿಪ್ಪಲ್ಲು. ಅದರ ತುದಿ ನೋಡು, ಒಂದು ಬದಿ ಚಪ್ಪಟೆಯಾಗಿ ಅಣಬೆ ಹಾಗೆ ಹರಡೈತೆ. ಕುದುರೆ ನೆಟ್ಟಗಾದ್ರೂ ಓರೆ ನಿಪ್ಪಲ್ ಮೇಲೆ ಕೇಪು ಓರೆಯಾಗೇ ಕೂರ್ತದೆ. ಅದು ಹೊಸದೇ ಬೇಕು. ಇಂಥ ಹಳೇ ಕೋವೀಲಿ ನಿಪ್ಪಲ್ ತಿರುಗಿಸಿ ಕೂರಿಸೋ ಮರೆ ಒಂದರ ಹಾಗೆ ಇನ್ನೊಂದಿರೋದಿಲ್ಲ. ಅಳತೆ ತೆಗೆದು ಕಡೆಸಬೇಕು. ಇಕ್ಕಳ ಹಾಕಿ ತಿರುಗಿಸೋಕೆ ಹೋಗಬೇಡ, ಅದಕ್ಕೆ ಬೇರೆ ಚಾವಿ ಐತೆ.

ಹುಡುಗ: ನೀವೇ ಮಾಡಿಕೊಡಿ. ಮೂವತ್ತು ವರ್ಷ ಮಾಡಿದ ಕೈ. ನಮ್ಮೂರ ಕುಲುಮೇಲಿ ಜಾಗ ಕೊಡ್ತಾರೆ.

ದೊಡ್ಡಪ್ಪ: ಕೈ ಐತೆ, ಲೈಸೆನ್ಸ್ ಇಲ್ಲ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಕೋವಿ ಮಾಡೋದಕ್ಕೆ, ಮಾರೋದಕ್ಕೆ ಮಾತ್ರ ಅಲ್ಲ, ರಿಪೇರಿ ಮಾಡಿಕೊಡೋದಕ್ಕೂ ಲೈಸೆನ್ಸ್ ಬೇಕು ಅಂತದೆ. ಅಂಗಡಿಯ ಲೈಸೆನ್ಸಿನ ನೆರಳಲ್ಲಿ ನಾನು ಕೆಲಸ ಮಾಡಿದೋನು, ಈಗ ಆ ನೆರಳಿಲ್ಲ. ನೀನು ನಿನ್ನ ಲಾಕು ಬಿಚ್ಚಿ ಒರೆಸಿದೆ, ನಾನು ಪಕ್ಕದಲ್ಲಿ ಕೂತು ನೋಡಿ ಹೇಳಿದೆ. ಉಳಿ, ಅರ, ಬೆಂಕಿ ಇನ್ನೊಬ್ಬರ ಕೆಲಸ. ನನಗೆ ಇದು ಸರಿ ಅಂತಲೇ ಅನ್ನಿಸ್ತದೆ. ಹಿಂದೆ ಕುಲುಮೆಯೋರು ಒಳ್ಳೊಳ್ಳೇ ಕೆಲಸ ಮಾಡ್ತಿದ್ರು, ಅವರ ಕೈಗೆ ನಾನು ನಮಸ್ಕಾರ ಮಾಡ್ತೀನಿ. ಆದ್ರೆ ನೇಗಿಲ ಗುಳ ಕಾಸಿದ ಹಾಗೆ ಕುದುರೆ ಕಾಸಿ ಕೆಡಿಸಿದ್ದನ್ನೂ ನೋಡಿದೀನಿ.

ಹುಡುಗ: ಕಾಸಿ ಬಗ್ಗಿಸೋದೂ ಒಂದು ದಾರಿ ಹೌದಲ್ವಾ?

ದೊಡ್ಡಪ್ಪ: ಹೌದು, ಉಳಿದದ್ದೆಲ್ಲಾ ಸರಿ ಇದ್ದೂ ಕತ್ತೇ ಬಗ್ಗಿದ್ರೆ. ಅಟ್ಟಣೆಯಿಂದ ಬಿದ್ದ ಕೋವಿ, ಗಾಡಿ ಚಕ್ರ ಹತ್ತಿದ ಕೋವಿ ಹಾಗೆ ಬರ್ತಿದ್ದವು. ಆಗಲೂ ತಣ್ಣಗಿದ್ದಾಗ ಪೆಟ್ಟು ಹಾಕೋ ಹಾಗಿಲ್ಲ. ಎರಕದ ಕುದುರೆ ಆದ್ರೆ ಮಣ್ಣಿನ ಮಡಕೆ ಕತ್ತಿನ ಹಾಗೆ ಟಕ್ ಅಂತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದನ್ನ ಹಾಗೆ ಮುರಿದೆ. ಮಲೆನಾಡ ಕಡೆಯ ಮುದುಕರೊಬ್ಬರದ್ದು, ಅವರ ತಾತನ ಕಾಲದ ಕೋವಿ, ಕುದುರೆ ಮೇಲೆ ಎಲೆ ಬಳ್ಳಿ ಕೆತ್ತಿತ್ತು. ಅವರು ಒಂದು ಮಾತು ಆಡಲಿಲ್ಲ, ಎರಡು ತುಂಡನ್ನೂ ಕರ್ಚೀಫಿನಲ್ಲಿ ಕಟ್ಕೊಂಡು ಹೋದ್ರು. ಹೊಸ ಕುದುರೆ ಮಾಡಿ ಕೊಟ್ಟೆವು, ಅದರ ಮೇಲೆ ಬಳ್ಳಿ ಇರಲಿಲ್ಲ. ಆ ಕರ್ಚೀಫು ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗೈತೆ. ಅದಕ್ಕೇ ನೀನು ಸುತ್ತಿಗೆ ಅಂದಾಗ ನಾನು ಗಜ ಅಂದೆ.

ಹುಡುಗ: ಮತ್ತೆ ಬಗ್ಗಿಸೋದು ಹೇಗೆ?

ದೊಡ್ಡಪ್ಪ: ಕುದುರೆಯನ್ನ ಲಾಕಿನಿಂದ ಪೂರ್ತಿ ಬಿಡಿಸಬೇಕು. ಲಾಕಿನಲ್ಲೇ ಇಟ್ಟು ಬೆಂಕಿ ಹಿಡಿದ್ರೆ ಪಕ್ಕದ ಸ್ಪ್ರಿಂಗಿನ ಹದ ಹೋಗ್ತದೆ, ಅಚ್ಚಿನ ಹದ ಹೋಗ್ತದೆ. ಹದ ಹೋದ ಅಚ್ಚಿನ ಹಲ್ಲು ಸವೆದು, ಅರ್ಧ ಎತ್ತಿ ನಿಲ್ಲಿಸಿದ ಕುದುರೆ ಯಾವತ್ತೋ ತಾನಾಗೇ ಬೀಳ್ತದೆ. ಅದು ಸಾವು. ಬಿಡಿಸಿದ ಕುದುರೆಯ ಬುಡವನ್ನ ಚೌಕದ ಹತ್ತಿರ ದಪ್ಪ ಕಬ್ಬಿಣದಲ್ಲಿ ಕಚ್ಚಿಸಿ, ಶಾಖ ಅಲ್ಲಿಗೆ ಬರದ ಹಾಗೆ ನೋಡಿ, ಕತ್ತನ್ನ ಮಾತ್ರ ಕೆಂಪಗೆ ಕಾಸಬೇಕು. ಮೆಲ್ಲಗೆ ಒತ್ತಬೇಕು, ಬಡಿಯಬಾರದು. ನೀರಲ್ಲಿ ಅದ್ದಬಾರದು, ತಾನಾಗಿ ಆರಬೇಕು. ಆಮೇಲೆ ಮೂಗಿನ ಬಟ್ಟಲಿಗೆ ಗಡಸು ಕೊಡಬೇಕು, ಇಲ್ಲದಿದ್ರೆ ನಿಪ್ಪಲ್ಲು ಅದನ್ನ ಗುಳಿ ಮಾಡ್ತದೆ. ಇಷ್ಟೆಲ್ಲಾ ಮಾಡಿ ಲಾಕಿಗೆ ಕೂರಿಸಿದ ಮೇಲೆ ಮತ್ತೆ ಮಸಿ ಪರೀಕ್ಷೆ. ಈ ಕೋವಿಯ ಕುದುರೆಗೆ ಅದು ಯಾವುದೂ ಬೇಡ. ಇದನ್ನ ಇವತ್ತು ನಾನು ಬಗ್ಗಿಸಿಕೊಟ್ಟಿದ್ರೆ ಒಂದು ತಿಂಗಳು ಸರಿ ಇರ್ತಿತ್ತು. ಮರ ಇನ್ನೊಂದಷ್ಟು ತಗ್ಗಿದ ಮೇಲೆ ಮತ್ತೆ ಓರೆ.

ಹುಡುಗ: ಕೊಡಗಿನೋರಿಗೆ ಲೈಸೆನ್ಸೇ ಬೇಡವಂತಲ್ಲ, ಅವರಿಗೆ ಸಲೀಸು.

ದೊಡ್ಡಪ್ಪ: ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳೋದಕ್ಕೆ ಬ್ರಿಟಿಷರ ಕಾಲದಿಂದ ವಿನಾಯಿತಿ ಐತೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ತೊಳೆದು, ಒರೆಸಿ, ನಳಿಗೆ ಬಾಯಿಗೆ ತೋಕ್ ಪೂ ಅನ್ನೋ ಹೂವು ಸಿಗಿಸಿ ಪೂಜೆ ಮಾಡ್ತಾರೆ. ವರ್ಷಕ್ಕೊಂದು ಸಲವಾದ್ರೂ ಮನೆಮಂದಿಯೆಲ್ಲಾ ಕೋವಿಯನ್ನ ಕಣ್ಣಿಟ್ಟು ನೋಡ್ತಾರೆ. ನಾವೂ ಆಯುಧಪೂಜೇಲಿ ಕುಂಕುಮ ಇಡ್ತೀವಿ, ಆದ್ರೆ ಲಾಕು ಬಿಚ್ಚಿ ಮರ ನೋಡೋದಿಲ್ಲ. ಈ ವರ್ಷದಿಂದ ಕುಂಕುಮ ಇಡೋ ಮುಂಚೆ ಮಸಿ ಇಡು.

ಹುಡುಗ: ನಮ್ಮ ಲೈಸೆನ್ಸು ಬೆಳೆ ಕಾಯೋಕೆ ಅಂತಲೇ ಐತೆ. ಊರಲ್ಲಿ ಕೆಲವರು ಮಾತ್ರ, ಬರೀ ಸದ್ದಿಗೆ ಯಾಕೆ, ಚರೆ ಹಾಕು, ಒಂದು ಹಂದಿ ಬಿದ್ರೆ ಉಳಿದವು ಬರೋದಿಲ್ಲ ಅಂತಾರೆ.

ದೊಡ್ಡಪ್ಪ: ಅದೇ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಬಾಯಿಂದ ತುಂಬೋ ಕೋವಿಯ ಹೆಸರು ಹಿಡಿದೇ ಬರೆದಿದಾರೆ, ನಿಜವಾದ ಬೆಳೆ ರಕ್ಷಣೆಗೆ ಅಂತ. ಆದ್ರೆ ಅದು ಬೇಟೆಗೆ ಚೀಟಿ ಅಲ್ಲ. ಹಂದಿಯೂ 1972ರ ವನ್ಯಜೀವಿ ಕಾಯ್ದೆ ಒಳಗೇ ಬರ್ತದೆ. ಕಾಯ್ದೆ ಬಿಡು, ಕತ್ತಲಲ್ಲಿ ಅಟ್ಟಣೆ ಮೇಲಿಂದ ಚರೆ ಹಾರಿಸಿದ್ರೆ ಅದು ಹಂದಿಗೇ ಬೀಳ್ತದೆ ಅಂತ ಯಾರು ಹೇಳಿದ್ರು? ಪಕ್ಕದ ಹೊಲದಲ್ಲೂ ನಿನ್ನ ಹಾಗೇ ಒಬ್ಬ ಕಾವಲಿಗೆ ಕೂತಿರ್ತಾನೆ. ಮಾವು ಹಣ್ಣಾದಾಗ ಕರಡಿ ಬರ್ತದೆ, ತೆಂಗಿನಕಲ್ಲು ಕಾಡಿನ ಕಡೆಯಿಂದ ಆನೆ ಬರ್ತದೆ. ಚರೆ ತಗುಲಿದ ಕರಡಿ, ಆನೆ ಎದುರು ಮಾರನೇ ದಿನ ಸಿಗೋದು ಹುಲ್ಲಿಗೆ ಹೋದ ಹೆಂಗಸು. ರಾಮದೇವರ ಬೆಟ್ಟದ ಬಂಡೇಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ತವೆ ಅಂತ 2012ರಲ್ಲಿ ಅದನ್ನ ಧಾಮ ಮಾಡಿದ್ರು. ಸೀಸ ಹೊಕ್ಕ ಹೆಣ ತಿಂದ ಹದ್ದಿಗೆ ವಿಷ ಏರ್ತದೆ. ನಿಮ್ಮಪ್ಪ ಈ ಕೋವೀಲಿ ಒಂದು ಕಾಳು ಚರೆ ಹಾಕಿದ್ದನ್ನ ನಾನು ನೋಡಿಲ್ಲ. ಮದ್ದು, ಕತ್ತ, ಆಕಾಶದ ಕಡೆ ಬಾಯಿ, ಒಂದು ಸದ್ದು. ಅಷ್ಟಕ್ಕೇ ರಾಗಿ ಉಳೀತಿತ್ತು.

ಹುಡುಗ: ಒಂದೇ ಸದ್ದಿಗೆ ಹೋಗಬೇಕಾದ್ರೆ ಮೊದಲನೇ ಕೇಪೇ ಹೊತ್ತಬೇಕು.

ದೊಡ್ಡಪ್ಪ: ಅದಕ್ಕೇ ಇಷ್ಟು ಹೊತ್ತು ಮಸಿ ಹಿಡಿದು ಕೂತದ್ದು. ಹೋಗು, ನಿನ್ನ ಲೈಸೆನ್ಸು ಯಾವ ಎಲ್ಲೆವರೆಗೆ ನಡೀತದೆ ನೋಡಿ, ಠಾಣೆಯಲ್ಲಿ ವಿಚಾರಿಸಿ, ಖಾಲಿ ಕೋವಿಯನ್ನ ಕವರಲ್ಲಿ ಹಾಕಿ ಲೈಸೆನ್ಸುಳ್ಳ ಅಂಗಡಿಗೆ ತಗೊಂಡು ಹೋಗು. ಕುದುರೆ ಓರೆ ಆಗೈತೆ ಅಂತ ಮಾತ್ರ ಹೇಳಿಬಿಡಬೇಡ. ಹಾಗೆ ಹೇಳಿದ್ರೆ ಅವಸರದ ಕೈಯೋನು ಕುದುರೆಗೇ ಕೈ ಹಾಕ್ತಾನೆ. ಚೀಟಿ ಬರ್ಕೋ: ಲಾಕಿನ ಮೇಲಂಚಿನ ಮರ ಎಣ್ಣೆಯಿಂದ ಮೆತ್ತಗಾಗೈತೆ, ರಟ್ಟಿನ ಎರಡು ಸೀಳು ಇಟ್ಟಾಗ ಮಸಿ ನಡುವಿಗೆ ಬಂತು, ನಿಪ್ಪಲ್ ಹೊಸದು ಬೇಕು. ಆ ಎರಡು ಸೀಳನ್ನೂ ಚೀಟಿಗೆ ಅಂಟಿಸಿ ಕೊಡು. ಬೀಟೆ ಚಕ್ಕೆ ಎಷ್ಟು ದಪ್ಪ ಬೇಕು ಅಂತ ಅದೇ ಹೇಳ್ತದೆ.

ಹುಡುಗ: ಅಲ್ಲಿ ತನಕ ರಾಗಿ?

ದೊಡ್ಡಪ್ಪ: ತಮಟೆ ಐತೆ, ಪಟಾಕಿ ಐತೆ, ನಾನಿದೀನಿ. ಅಟ್ಟಣೆಗೆ ಏಣಿ ಮಾತ್ರ ಗಟ್ಟಿಯಾಗಿ ಕಟ್ಟು.

ಹದಿನೆಂಟು ದಿನದ ಮೇಲೆ ಕೋವಿ ವಾಪಸ್ ಬಂತು. ಲಾಕಿನ ಕೆಳಗೆ ಕೂರಿಸಿದ ಬೀಟೆ ಚಕ್ಕೆಯ ದಪ್ಪ ಅರ್ಧ ಮಿಲಿಮೀಟರಿಗೂ ಕಡಿಮೆ. ನಿಪ್ಪಲ್ ಹೊಸದು. ಕುದುರೆಗೆ ಯಾರೂ ಸುತ್ತಿಗೆ ಮುಟ್ಟಿಸಿರಲಿಲ್ಲ.